ಮಗಳಿಗೊಂದು ಪತ್ರ: ಆ ಜಿಂಕೆಯ ಫೋಟೋ

ಪ್ರೀತಿಯ ಪುಟ್ಟಿ,

ಹಾಸ್ಟೆಲ್ ಗೋಡೆಗೆ ಅಂಡಮಾನಿನ ಫೋಟೋ ಅಂಟಿಸಿದ್ದೀಯಲ್ಲ, ರಾಸ್ ದ್ವೀಪದಲ್ಲಿ ಜಿಂಕೆಯ ಪಕ್ಕ ನಿಂತದ್ದು, ನೋಡಿ ಖುಷಿಯಾಯಿತು. ಜೊತೆಗೇ ಒಂದು ಮಾತು ಚುಚ್ಚಿತು. ಅವತ್ತು ನೀನು, "ಅಮ್ಮಾ, ಸುತ್ತ ಸಮುದ್ರ, ಇವೆಲ್ಲ ಇಲ್ಲಿಗೆ ಹೇಗೆ ಬಂದವು?" ಎಂದು ಕೇಳಿದ್ದೆ. "ಮೊದಲಿಂದಲೂ ಇದ್ದವು" ಎಂದುಬಿಟ್ಟೆ ನಾನು. ಅದು ತಪ್ಪು ಮಗಳೇ.

ಅಂಡಮಾನಿಗೆ ಜಿಂಕೆ ತಂದವರು ಬ್ರಿಟಿಷರು, ಕಳೆದ ಶತಮಾನದ ಆರಂಭದಲ್ಲಿ, ಬೇಟೆಯಾಡಲು. ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ. ಹಿಡಿದು ತಿನ್ನುವವರಿಲ್ಲದೆ ಸಂತತಿ ಬೆಳೆಯುತ್ತಲೇ ಹೋಯಿತು. ಎತ್ತರದ ಮರಗಳು ಹಾಗೇ ನಿಂತಿರುತ್ತವೆ, ನೋಡುವವರಿಗೆ ಕಾಡು ಹಸಿರಾಗಿಯೇ ಕಾಣುತ್ತದೆ. ಆದರೆ ಬುಡದಲ್ಲಿ ಸಸಿಗಳು ಚಿಗುರುವಾಗಲೇ ಜಿಂಕೆಯ ಬಾಯಿಗೆ ಹೋಗುತ್ತವೆ. ಆ ಪೊದೆಗಳ ನೆರಳನ್ನೇ ನಂಬಿದ ಹಲ್ಲಿ, ಓತಿಗಳಿಗೆ ನೆಲೆ ತಪ್ಪುತ್ತದೆ.

ಅಲ್ಲಿ ಎಲೆಹಸಿರು ಬಣ್ಣದ, ಬೆನ್ನಮೇಲೆ ಕೆಂಪು ಚುಕ್ಕೆಗಳ ಒಂದು ಹಲ್ಲಿಯಿದೆ. ನಮ್ಮ ಮನೆ ಹಲ್ಲಿಯಂತೆ ರಾತ್ರಿ ಹೊರಡುವುದಲ್ಲ, ಹಾಡಹಗಲೇ ಓಡಾಡುತ್ತದೆ. ಅದರ ಹತ್ತಿರದ ಬಳಗವೆಲ್ಲ ಎಲ್ಲಿದೆ ಗೊತ್ತೇ? ಹಿಂದೂ ಮಹಾಸಾಗರದ ಆಚೆ ದಡದಲ್ಲಿ, ಮಡಗಾಸ್ಕರ್ ಸುತ್ತಮುತ್ತ! ಇದನ್ನು ಓದಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಬೇಜಾರಾದದ್ದು ಇನ್ನೊಂದು ವಿಷಯ. ಮಳೆ ಬಿದ್ದ ದಿನ ನಮ್ಮ ಗದ್ದೆಯಲ್ಲಿ ಅರಿಶಿನ ಬಳಿದುಕೊಂಡಂತೆ ಹಳದಿಯಾಗಿ, ಗಂಟಲ ನೀಲಿ ಚೀಲ ಉಬ್ಬಿಸಿ ಕೂಗುತ್ತವಲ್ಲ ದೊಡ್ಡ ಕಪ್ಪೆಗಳು, ಅವೂ ಅಂಡಮಾನ್ ಸೇರಿವೆಯಂತೆ. ಅವುಗಳ ಗೊದಮೊಟ್ಟೆಗಳು ಅಲ್ಲಿನ ಕಪ್ಪೆಗಳ ಗೊದಮೊಟ್ಟೆಗಳನ್ನು ನುಂಗುತ್ತವೆ. ಇಲ್ಲಿ ಅದೇ ಕಪ್ಪೆಯ ದನಿ ಕೇಳಿದರೆ ಸಸಿಮಡಿ ಹಾಕುವ ಹುರುಪು ಬರುತ್ತದೆ, ಅದಕ್ಕೇ ಇದನ್ನು ಒಪ್ಪಿಕೊಳ್ಳಲು ನನಗೆ ಹೊತ್ತು ಹಿಡಿಯಿತು.

ಒಳ್ಳೆಯದೂ ಇದೆ. ದಾಂಡೇಲಿಯಲ್ಲಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ನೋಡಿದ್ದೆವಲ್ಲ, ಅದರ ಪುಟ್ಟ ದಾಯಾದಿಯೊಂದು ಅಂಡಮಾನಿನ ನಾರ್ಕೊಂಡಮ್ ಎಂಬ ದ್ವೀಪದಲ್ಲಿದೆ. ಇಡೀ ದ್ವೀಪ ಸುಮಾರು 7 ಚದರ ಕಿ.ಮೀ. ಅದನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಆ ಹಕ್ಕಿಯಿಲ್ಲ. ಹೆಣ್ಣು ಮರದ ಪೊಟರೆಯೊಳಗೆ ಕೂತು ಆ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ಸಣ್ಣ ಸಂದಿಯಿಂದ ಅತ್ತಿಹಣ್ಣಿನಂಥ ಕಾಡುಹಣ್ಣು ತಂದು ಉಣಿಸುತ್ತದೆ. ಅಲ್ಲಿನ ಪೊಲೀಸ್ ಠಾಣೆಯವರಿಗೆಂದು ತಂದ ಆಡುಗಳು ನೂರಾರಾಗಿ ಸಸಿ ಮೇಯತೊಡಗಿದ್ದವು. ಕಡೆಗೆ ಅವನ್ನು ದ್ವೀಪದಿಂದ ಸಾಗಿಸಿದರು.

ನಿನ್ನ ಫೋಟೋ ಕಿತ್ತುಹಾಕಬೇಡ. ಜಿಂಕೆಯದೇನೂ ತಪ್ಪಿಲ್ಲ, ನಿನ್ನದಂತೂ ಅಲ್ಲವೇ ಅಲ್ಲ. ಅದರ ಹಿಂದೆ ಆ ಹಸಿರು ಹಲ್ಲಿಯ ಚಿತ್ರವೊಂದು ಬರೆದಿಡು. ರಜೆಗೆ ಬರುವಾಗ ತಾ, ನಾನೂ ನೋಡಬೇಕು.

ಇಂತಿ,
ನಿನ್ನ ಅಮ್ಮ