ಅಳಿಸಿದ ಸಾಲುಗಳ ಲೆಕ್ಕದಲ್ಲಿ ಒಂದಿಷ್ಟು ಥ್ಯಾಂಕ್ಸ್

ಕಳೆದ ಶುಕ್ರವಾರ ಸಂಜೆ ನಮ್ಮ ಹೊಸ ಕ್ಲೌಡ್ ಇಮೇಜ್, ಅಂದರೆ ಕ್ಲೌಡ್ ಮಷೀನುಗಳು ಎದ್ದೇಳೋಕೆ ಬೇಕಾದ ರೆಡಿ ಡಿಸ್ಕ್ ಫೈಲ್, ಹೊರಗೆ ಹೋಯಿತು. ಮಷೀನನ್ನು ಎಬ್ಬಿಸೋ ಹಳೇ ವಿಧಾನ ಬಯಾಸ್, ಹೊಸದು ಯುಇಎಫ್‌ಐ. ಬಯಾಸ್ ಮಷೀನಿನಲ್ಲೂ ಬೂಟ್ ಆಯಿತು, ಯುಇಎಫ್‌ಐ ಮಷೀನಿನಲ್ಲೂ ಆಯಿತು. ನಾಲ್ಕು ತಿಂಗಳು ಏನು ಮಾಡಿದೆ ಅಂತ ಕೇಳಿದರೆ ಹೇಳೋಕೆ ಸ್ವಲ್ಪ ಮುಜುಗರ. ಹೆಚ್ಚಾಗಿ ಅಳಿಸಿದ್ದೇನೆ. ಬಯಾಸ್‌ಗೆ ಒಂದು, ಯುಇಎಫ್‌ಐಗೆ ಒಂದು ಅಂತ ಇಮೇಜ್ ಕಟ್ಟೋಕೆ ಎರಡು ಸ್ಕ್ರಿಪ್ಟ್ ಇದ್ದವು, ಸೇರಿಸಿ 600 ಚಿಲ್ಲರೆ ಸಾಲು. ಈಗ ಇರೋದು ಒಂದೇ ಸ್ಕ್ರಿಪ್ಟ್, 200ರ ಆಸುಪಾಸು. ಅಷ್ಟು ಅಳಿಸೋಕೆ ಎಷ್ಟು ಜನ ಬೇಕಾಯಿತು ಅಂತ ಹೇಳಬೇಕು ಅನ್ನಿಸಿತು.

ಮೊದಲು ಆ ಹಳೇ ಸ್ಕ್ರಿಪ್ಟ್ ಬರೆದ ಸರ್. ಅವರು ಕೆಲಸ ಬಿಟ್ಟು ವರ್ಷಗಳಾಗಿವೆ. ಅವರ ಕೋಡ್ ಓದುತ್ತಾ ನಾನು ಮನಸ್ಸಿನಲ್ಲೇ ಅವರನ್ನು ಸಾಕಷ್ಟು ಬೈದಿದ್ದೇನೆ, ಅದಕ್ಕೆ ಕ್ಷಮೆ ಇರಲಿ. ಬೈದದ್ದು ಸುಮ್ನೆ ಅಲ್ಲ. ನಾವು ಇಮೇಜ್ ಕಟ್ಟುವಾಗ ಡಿಸ್ಕ್ ಅಂತ ನಿಜವಾಗಿ ಏನೂ ಇರುವುದಿಲ್ಲ. ಒಂದು ಫೈಲು, ಅದನ್ನು ಲೂಪ್ ಡಿವೈಸ್ ಮೂಲಕ ಡಿಸ್ಕ್ ಅಂತ ನಂಬಿಸುತ್ತೇವೆ. ಅದರೊಳಗೆ ಹೊಕ್ಕು, ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಬೂಟ್ ಲೋಡರ್ ಆದ ಗ್ರಬ್‌ಗೆ ಕಾನ್ಫಿಗ್ ಬರಿ ಅಂತ ಹೇಳುತ್ತೇವೆ. ಗ್ರಬ್ ಪಾಪ, ತನಗೆ ಕಂಡಿದ್ದನ್ನೇ ಬರೆಯುತ್ತದೆ: ರೂಟ್, ಅಂದರೆ ಸಿಸ್ಟಂನ ಮೂಲ ಫೈಲುಗಳು, ಇರೋದು ಲೂಪ್-0ರ ಮೊದಲ ಪಾರ್ಟಿಷನ್‌ನಲ್ಲಿ ಅಂತ. ಗ್ರಾಹಕರ ಮಷೀನಿನಲ್ಲಿ ಲೂಪ್-0 ಎಲ್ಲಿಂದ ಬರಬೇಕು? ಅದಕ್ಕೆ ಹಳೇ ಸ್ಕ್ರಿಪ್ಟ್ ಕೊನೆಯಲ್ಲಿ ಸೆಡ್ ಅನ್ನೋ ಕಮಾಂಡ್ ಹಾಕಿ 'ಲೂಪ್-0' ಅನ್ನೋದನ್ನೆಲ್ಲ ಹುಡುಕಿ ಬದಲಾಯಿಸುತ್ತಿತ್ತು. ಅದು ತಪ್ಪಿದರೆ ಇನ್ನೊಂದು ಸೆಡ್, ಅದಕ್ಕೊಂದು ತೇಪೆ. ವರ್ಷಗಟ್ಟಲೆ ನಡೆಯಿತು. ಆಮೇಲೆ ಒಂದು ದಿನ ಒಂದೇ ಮಷೀನಿನಲ್ಲಿ ಎರಡು ಬಿಲ್ಡ್, ಅಂದರೆ ಇಮೇಜ್ ಕಟ್ಟುವ ಕೆಲಸ, ಒಟ್ಟಿಗೆ ಓಡಿದವು. ಪ್ರತಿ ಬಿಲ್ಡಿಗೂ ಪ್ರತ್ಯೇಕ ಕೋಣೆಯಂಥ ಕಂಟೇನರ್ ಇದ್ದರೂ ಲೂಪ್ ಡಿವೈಸ್‌ಗಳು ಎಲ್ಲಕ್ಕೂ ಸೇರಿ ಒಂದೇ ಗಂಟು. ಎರಡನೆಯ ಬಿಲ್ಡ್‌ಗೆ ಸಿಕ್ಕಿದ್ದು ಲೂಪ್-1. ಸೆಡ್ ಹುಡುಕಿದ್ದು ಲೂಪ್-0. ಆ ಇಮೇಜ್ ಹಾಗೇ ಹೊರಗೆ ಹೋಯಿತು, ಬೂಟ್ ಮಾಡಿದವರಿಗೆಲ್ಲ ಇನಿಟ್‌ರ್‍ಯಾಮ್‌ಎಫ್‌ಎಸ್ ಪ್ರಾಂಪ್ಟ್ ಸಿಕ್ಕಿತು, ಅಂದರೆ ರೂಟ್ ಸಿಗದೆ ಮಷೀನ್ ಅರ್ಧದಲ್ಲೇ ನಿಂತಿತು. ಆ ವಾರದ ಫೋನ್ ಕರೆಗಳ ಬಗ್ಗೆ ಜಾಸ್ತಿ ಹೇಳಲ್ಲ.

ಸರ್‌ಗೆ ಹಿಂಜರಿಯುತ್ತಲೇ ಫೋನ್ ಮಾಡಿದೆ. ಅವರು ನಕ್ಕರು. "ಅದು ಒಂದು ರಾತ್ರಿಗೆ ಅಂತ ಹಾಕಿದ್ದಪ್ಪ, ನೀವು ಇನ್ನೂ ಇಟ್ಕೊಂಡಿದ್ದೀರಾ?" ಅಂದರು. ಆಮೇಲೆ ಮುಖ್ಯವಾದ ಮಾತು ಹೇಳಿದರು. ಗ್ರಬ್‌ಗೆ ಯುಯುಐಡಿ, ಅಂದರೆ ಫೈಲ್ ಸಿಸ್ಟಂಗೇ ಅಂಟಿದ ಗುರುತು ಸಂಖ್ಯೆ, ಬರೆಯೋಕೆ ಬರುತ್ತೆ, ಆದರೆ ಆ ಯುಯುಐಡಿ ಹೆಸರಿನ ಕೊಂಡಿ ಡೆವ್ ಫೋಲ್ಡರ್ ಒಳಗೆ ಇದೆಯಾ ಅಂತ ಮೊದಲು ನೋಡುತ್ತೆ. ಇಲ್ಲದಿದ್ದರೆ ಸೀದಾ ಡಿವೈಸ್ ಹೆಸರನ್ನೇ ಬರೆದುಬಿಡುತ್ತೆ. ಆ ಕೊಂಡಿ ಹಾಕಿಕೊಡೋದು ಯುಡೆವ್ ಅನ್ನೋ ಲಿನಕ್ಸ್ ಪ್ರೋಗ್ರಾಂ. ನಮ್ಮ ಕಂಟೇನರ್ ಒಳಗೆ ಯುಡೆವ್ ಓಡುತ್ತಿರಲಿಲ್ಲ. ಅಷ್ಟೇ ವಿಷಯ! ಗ್ರಬ್ ಕಾನ್ಫಿಗ್ ಬರೆಯುವ ಮುಂಚೆ ಫೋಲ್ಡರ್ ಮಾಡಿ, ಕೊಂಡಿಯನ್ನು ನಾವೇ ಹಾಕಿದೆವು. ಎರಡು ಸಾಲು. ಸೆಡ್‌ಗಳ ಇಡೀ ಸಂಸಾರ ಅವತ್ತೇ ಖಾಲಿ.

ಇದನ್ನು ನಮ್ಮ ತುಮಕೂರು ಪ್ಯಾಸೆಂಜರ್ ಬೋಗಿಯ ಗೆಳೆಯರಿಗೆ ವಿವರಿಸಬೇಕಾಯಿತು, ಯಾಕೆಂದರೆ ಅವರು ಬಿಡಲಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಕೂತವರು ಅಂತ ಹೇಳಿದರೆ ತುಮಕೂರಲ್ಲಿ ಒಬ್ಬರು, ನಿಡವಂದ ದಾಟುವಷ್ಟರಲ್ಲಿ ಇನ್ನೊಬ್ಬರು. ಪಾಸ್‌ನಲ್ಲಿರುವ ಹೆಸರು ಹೇಳಿದರೆ ಎಲ್ಲಿ ಕೂತರೂ ಅವರೇ. ಯುಯುಐಡಿ ಅಂದರೆ ಪಾಸ್ ಅಂದೆ. ಯಶವಂತಪುರದಲ್ಲಿ ಇಳಿಯುವ ಯಜಮಾನರೊಬ್ಬರು, ಬಟ್ಟೆ ಅಂಗಡಿಯ ಲೆಕ್ಕ ಬರೆಯುವವರು, "ಮತ್ತೆ ಇಷ್ಟು ದಿನ ಸೀಟ್ ನಂಬ್ಕೊಂಡು ಕೂತಿದ್ರಾ?" ಅಂತ ಕೇಳಿದರು. ಕೋಡ್ ರಿವ್ಯೂನಲ್ಲಿ ಯಾರೂ ಕೇಳದ ಪ್ರಶ್ನೆ. ದಿನಾ ಬೆಳಿಗ್ಗೆ "ಏನ್ರೀ, ಇವತ್ತಾದ್ರೂ ನಿಮ್ಮ ಮಷೀನ್ ಎದ್ದೇಳುತ್ತಾ?" ಅಂತ ವಿಚಾರಿಸಿ ಚುರುಮುರಿ ಕೊಟ್ಟ ಆ ಬೋಗಿಯವರಿಗೆಲ್ಲ ಥ್ಯಾಂಕ್ಸ್.

ಹೋದ ವರ್ಷ ನಮ್ಮ ಟೀಮಿಗೆ ಸೇರಿದ, ತುರುವೇಕೆರೆ ಕಡೆಯ ಹುಡುಗಿಗೆ ನಾನು ದೊಡ್ಡ ಸಾಲಗಾರ. ಅಳಿಸುವ ಹುಮ್ಮಸ್ಸಿನಲ್ಲಿ ನಾನು ಒಂದು ಸಾಲು ಜಾಸ್ತಿ ಅಳಿಸಿಬಿಟ್ಟಿದ್ದೆ. ಬೂಟ್ ಲೋಡರಿನ 'ಇಎಫ್‌ಐ' ಫೋಲ್ಡರಿನ 'ಬೂಟ್' ಒಳಗೆ ಇನ್ನೊಂದು ಪ್ರತಿ ಇಡುವ ಸಾಲು ಅದು. ಒಂದೇ ಫೈಲ್ ಎರಡು ಕಡೆ ಯಾಕೆ ಅಂದುಕೊಂಡೆ. ನನ್ನ ಟೆಸ್ಟ್‌ನಲ್ಲಿ ಬೂಟ್ ಆಗುತ್ತಲೂ ಇತ್ತು. "ಸರ್, ಎನ್‌ವಿರ್‍ಯಾಮ್ ಖಾಲಿ ಇಟ್ಟು ನೋಡಿದ್ರಾ?" ಅಂತ ಅವರು ಕೇಳಿದರು. ಅಂದರೆ ಬೂಟ್ ದಾರಿ ನೆನಪಿಡುವ ಮಷೀನಿನ ಮೆಮೊರಿ. ನೋಡಿರಲಿಲ್ಲ. ನನ್ನ ವಿಎಂ (ಸಾಫ್ಟ್‌ವೇರಿನಲ್ಲೇ ಓಡುವ ನಕಲಿ ಮಷೀನ್) ಒಳಗೆ ಹಿಂದೊಮ್ಮೆ ಕೈಯಾರೆ ಗ್ರಬ್ ಹಾಕಿದ್ದೆ, ಅದರ ದಾರಿ ಅಲ್ಲಿ ದಾಖಲಾಗಿತ್ತು, ಅದನ್ನೇ ಹಿಡಿದು ಎದ್ದೇಳುತ್ತಿತ್ತು. ಹೊಚ್ಚ ಹೊಸ ವಿಎಂಗೆ ಅಂಥ ನೆನಪಿಲ್ಲ. ಅದು ಆ ಎರಡನೇ ಜಾಗದಲ್ಲೇ ಹುಡುಕೋದು. ಕ್ಲೌಡ್‌ನಲ್ಲಿ ಎಲ್ಲ ಮಷೀನೂ ಹೊಸದೇ ಅಲ್ವಾ? ಸಾಲು ವಾಪಸ್ ಬಂತು, ಮೇಲೊಂದು ಕಾಮೆಂಟ್ ಸಮೇತ. ಕಾಮೆಂಟ್ ಬರೆದದ್ದು ಅವರೇ, ಸ್ವಲ್ಪ ಗದರಿದ ಹಾಗೆ.

1995ರಲ್ಲಿ ಗ್ರಬ್ ಶುರು ಮಾಡಿದ ಎರಿಕ್ ಬೊಲೆಯ್ನ್, 2003ರಲ್ಲಿ ಅಂಥ ವಿಎಂ ಓಡಿಸುವ ಕ್ಯೂಇಎಂಯು ಬಿಡುಗಡೆ ಮಾಡಿದ ಫ್ಯಾಬ್ರಿಸ್ ಬೆಲ್ಲಾರ್, ಆಮೇಲೆ ಅವನ್ನು ನಡೆಸಿಕೊಂಡು ಬಂದ ಸಾವಿರಾರು ಜನ, ಇವರಿಗೆ ನನ್ನ ಥ್ಯಾಂಕ್ಸ್ ತಲುಪೋದು ಅನುಮಾನ. ಆದರೂ ಹೇಳುತ್ತೇನೆ. ಇವರಿಲ್ಲದಿದ್ದರೆ ಶಿರಾ ಗೇಟ್ ಹತ್ತಿರದ ಮನೆಯ ಮಹಡಿಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೇ ರಾತ್ರಿ ನಲವತ್ತು ಸಲ ಮಷೀನ್ ಬೂಟ್ ಮಾಡೋಕೆ ಆಗುತ್ತಿತ್ತಾ? ಕರೆಂಟ್ ಹೋದಾಗ ಅವರ ಯುಪಿಎಸ್‌ನಿಂದ ವೈರ್ ಎಳೆದುಕೊಟ್ಟ ಪಕ್ಕದ್ಮನೆ ಅಂಕಲ್‌ಗೂ ಇದರಲ್ಲಿ ಪಾಲಿದೆ.

ಅಮ್ಮನ ವಿಷಯ ಬೇರೆ. ಎರಡು ದಿನ ನನ್ನ ಪರದೆ ಪೂರ್ತಿ ಖಾಲಿ ಇತ್ತು. ಅಕ್ಷರವೇ ಇಲ್ಲ. ಕಾಫಿ ತಂದಾಗೆಲ್ಲ "ಇನ್ನೂ ಕರೀಗೇ ಇದೆಯಲ್ಲೋ" ಅನ್ನುವರು. ಮೂರನೇ ದಿನ ಗೊತ್ತಾಯಿತು, ಮಷೀನ್ ಚೆನ್ನಾಗಿಯೇ ಎದ್ದಿತ್ತು. ಕರ್ನಲ್‌ಗೆ (ಸಿಸ್ಟಂನ ತಿರುಳಿಗೆ) ತನ್ನ ಸಂದೇಶ ಕಳಿಸೋ ಸೀರಿಯಲ್ ಕನ್ಸೋಲ್‌ನ ವಿಳಾಸ ಕೊಡುವ ಸಾಲನ್ನು ನಾನೇ ಅಳಿಸಿದ್ದೆ, ಹಾಗಾಗಿ ಅದು ಮಾತಾಡಿದ್ದು ನನಗೆ ಕೇಳುತ್ತಿರಲಿಲ್ಲ. ಅಮ್ಮನಿಗೆ ಇದನ್ನು ಹೇಳಿದೆ. "ನಿನ್ನ ಹಾಗೇ" ಅಂದರು.

ಆ ನಾಲ್ಕು ತಿಂಗಳು ಮಗಳ ಸ್ಕೂಲ್ ಮೀಟಿಂಗು, ಗ್ಯಾಸ್ ಬುಕಿಂಗು, ಎರಡು ಮದುವೆ, ಒಂದು ಗೃಹಪ್ರವೇಶ, ಎಲ್ಲಕ್ಕೂ ಒಬ್ಬಳೇ ಹೋಗಿ ಬಂದವಳು ನನ್ನ ಹೆಂಡತಿ. ಅವಳಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಸಾಕಾಗಲ್ಲ ಅಂತ ಅವಳೇ ಹೇಳಿದ್ದಾಳೆ.

ಎಆರ್‌ಎಂ ಅನ್ನೋ ಬೇರೆ ಬಗೆಯ ಪ್ರೊಸೆಸರಿನ ಇಮೇಜಿನ ಸ್ಕ್ರಿಪ್ಟ್ ಇನ್ನೂ ಹಳೇದೇ ಇದೆ, ಸೆಡ್‌ಗಳ ಸಮೇತ. ಅದಕ್ಕೆ ಕೈ ಹಾಕೋದು ದೀಪಾವಳಿ ಆದ ಮೇಲೆ. ಮನೆಯಲ್ಲಿ ಹಾಗಂತ ಮಾತು ಕೊಟ್ಟಿದ್ದೇನೆ.