ಬ್ರೇಕ್ ಲೈಟಿಗೆ ಇನ್ನು ಬರೀ ಬಲ್ಬ್ ಹಾಕಿ ಕಳಿಸುವುದಿಲ್ಲ

ನಮ್ಮ ಗ್ಯಾರೇಜಿಗೆ ಬರುವ ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ಒಂದು ಬದಲಾವಣೆ ಮಾಡ್ತಿದ್ದೇವೆ. ಬ್ರೇಕ್ ಲೈಟ್ ಹತ್ತುತ್ತಿಲ್ಲ ಅಂತ ಗಾಡಿ ತಂದರೆ ನಿಂತ ಜಾಗದಲ್ಲೇ ಬಲ್ಬ್ ಬದಲಿಸಿ ಕಳಿಸುವುದಿಲ್ಲ. ಅರ್ಧ ಗಂಟೆ ಗಾಡಿ ಬಿಟ್ಟು ಹೋಗಬೇಕು, ಚೆಕ್ ಮಾಡಲು 60 ರೂಪಾಯಿ, ಸಾಮಾನಿನ ದುಡ್ಡು ಬೇರೆ.

ಕಾರಣ ನಮ್ಮದೇ ತಪ್ಪು. ಹೋದ ಮಳೆಗಾಲದಲ್ಲಿ ಒಂದೇ ಸ್ಕೂಟರಿಗೆ ಮೂರು ಸಲ ಬಲ್ಬ್ ಹಾಕಿದೆವು. ನಾಲ್ಕನೇ ಸಲ ಹೋಲ್ಡರ್ ಬಿಚ್ಚಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಹೊಸ ಬಲ್ಬ್ ತಿರುಗಿಸಿ ಕೂರಿಸುವಾಗ ಆ ಕಿಲುಬು ಒಂಚೂರು ಉಜ್ಜಿಹೋಗಿ ನಾಲ್ಕು ದಿನ ಲೈಟ್ ಹತ್ತೋದು, ಆಮೇಲೆ ಮತ್ತೆ ಅದೇ ಕಥೆ. ಬಲ್ಬುಗಳೆಲ್ಲ ಚೆನ್ನಾಗೇ ಇದ್ದವು! ಆ ಸ್ಕೂಟರಿನವರ ದುಡ್ಡು ವಾಪಸ್ ಕೊಟ್ಟೆವು, ಮುಖ ಕೊಟ್ಟು ಮಾತಾಡೋದೇ ಕಷ್ಟವಾಯಿತು.

ಬ್ರೇಕ್ ಲೈಟ್ ಹತ್ತೋದು ಹೀಗೆ: ಬ್ಯಾಟರಿಯ ಕರೆಂಟು ಫ್ಯೂಸ್ ದಾಟಿ ಬ್ರೇಕಿನ ಸ್ವಿಚ್ಚಿಗೆ ಬಂದು ನಿಂತಿರುತ್ತದೆ. ನೀವು ಬ್ರೇಕ್ ಹಿಡಿದಾಗ ಅದು ಬಲ್ಬಿಗೆ ಹೋಗಿ, ಅರ್ಥ್ (ಗಾಡಿಯ ಲೋಹದ ಮೈಗೆ ಕೊಟ್ಟ ಕನೆಕ್ಷನ್) ಮೂಲಕ ಬ್ಯಾಟರಿಗೆ ವಾಪಸ್. ಈ ದಾರಿಯಲ್ಲಿ ಎಲ್ಲಿ ಕಡಿದರೂ ಲೈಟಿಲ್ಲ. ಎಲ್‌ಇಡಿ ಇಲ್ಲದ ಬೈಕುಗಳಲ್ಲಿ ಸಾಮಾನ್ಯವಾಗಿ ಒಂದೇ ಬಲ್ಬಿನೊಳಗೆ ಎರಡು ಫಿಲಮೆಂಟ್ (ಉರಿಯುವ ಸಣ್ಣ ತಂತಿ) ಇರುತ್ತವೆ: 5 ವ್ಯಾಟಿನದು ಬ್ರೇಕ್ ಹಿಡಿಯದಿದ್ದಾಗಲೂ ಹಿಂದೆ ಉರಿಯುವ ಟೈಲ್ ಲೈಟಿಗೆ, 21 ವ್ಯಾಟಿನದು ಬ್ರೇಕಿಗೆ. ಹಾಗಾಗಿ ಹಿಂದೆ ಕೆಂಪು ಲೈಟ್ ಕಂಡಿತು ಅಂದ ಮಾತ್ರಕ್ಕೆ ಬ್ರೇಕ್ ಲೈಟ್ ಸರಿ ಇದೆ ಅಂತಲ್ಲ.

ನೀವೇ ನೋಡಬಹುದು. ಬೈಕಿನಲ್ಲಿ ಮುಂದಿನ ಬ್ರೇಕಿಗೊಂದು, ಹಿಂದಿನದಕ್ಕೊಂದು ಸ್ವಿಚ್ ಇರುತ್ತದೆ. ಒಂದನ್ನು ಹಿಡಿದರೆ ಹತ್ತಿ ಇನ್ನೊಂದಕ್ಕೆ ಹತ್ತದಿದ್ದರೆ ಬಲ್ಬಿನ ಮೇಲೆ ಅನುಮಾನ ಬೇಡ, ಸ್ವಿಚ್ಚೋ ಅದರ ವೈರೋ ಹೋಗಿದೆ. ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಂಕಾಗಿ ಹತ್ತಿದರೆ ಜಾಸ್ತಿ ಸಲ ಅರ್ಥ್ ಸಡಿಲವಾಗಿರುತ್ತದೆ. ಕೆಲವು ಕಾರುಗಳಲ್ಲಿ ಪೆಡಲಿಗೆ ಹಚ್ಚಿದ ಚಿಕ್ಕ ರಬ್ಬರ್ ಬಿರಡೆ ಪುಡಿಯಾಗಿ ಬೀಳುತ್ತದೆ, ಪೆಡಲ್ ಬಿಟ್ಟ ಮೇಲೂ ಸ್ವಿಚ್ಚಿನ ಮೊಳೆ ಒಳಗೆ ಒತ್ತಿಕೊಂಡು ಲೈಟ್ ಆರಿಸುವುದಿಲ್ಲ, ರಾತ್ರಿಯೆಲ್ಲ ಲೈಟ್ ಉರಿದು ಬೆಳಿಗ್ಗೆ ಬ್ಯಾಟರಿ ಡೌನ್. ಹತ್ತಿಪ್ಪತ್ತು ರೂಪಾಯಿಯ ರಬ್ಬರಿಗೆ ಹೊಸ ಬ್ಯಾಟರಿ ಯಾಕೆ ಅಲ್ವಾ?

ಇನ್ನೊಂದು ಮಾತು. ಫ್ಯೂಸ್ ಪದೇ ಪದೇ ಹೋಗ್ತಿದ್ದರೆ ಅದರ ಜಾಗಕ್ಕೆ ವೈರ್ ಸುತ್ತಿಕೊಡಿ ಅಂತ ಕೇಳಬೇಡಿ. ಎಷ್ಟೇ ಪರಿಚಯವಿದ್ದರೂ ಮಾಡುವುದಿಲ್ಲ, ವೈರಿಂಗ್ ಸುಟ್ಟುಹೋಗುತ್ತದೆ.

ಸಂಜೆ 6ರ ಮೇಲೆ ತಂದರೆ ಗಾಡಿ ಮರುದಿನ ಬೆಳಿಗ್ಗೆಯೇ ಸಿಗೋದು.

ಇಂತಿ,
ನಿಮ್ಮ ಗ್ಯಾರೇಜಿನವರು