ಸಿನಿಮಾ ಬೇರೆ, ಡಿಸ್ಕ್ ಬೇರೆ

ಪ್ರೀತಿಯ ತಮ್ಮಾ,

'ಸ್ಪಿರಿಟೆಡ್ ಅವೇ' ಎಂಬ ಜಪಾನಿ ಅನಿಮೆಯ (ಚಿತ್ರ ಬರೆದು ಮಾಡಿದ ಅನಿಮೇಷನ್ ಸಿನಿಮಾದ) ಡಿಸ್ಕ್ ಬಗ್ಗೆ ನೀನು ಬರೆದ ವಿಮರ್ಶೆ ಓದಿದೆ. ಎಂಟು ಪ್ಯಾರಾದಲ್ಲಿ ಆರು ಪ್ಯಾರಾ ಬರೀ ಕಥೆ. ಕೊನೆಗೆ 'ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಕ್ವಾಲಿಟಿ ಸೂಪರ್' ಅಂತ ಒಂದೇ ಸಾಲು. 2001ರ ಸಿನಿಮಾ ಅದು, ಆಸ್ಕರ್ ಬೇರೆ ಗೆದ್ದಿದೆ. ಕಥೆ ಊರಿಗೆಲ್ಲ ಗೊತ್ತು. ದುಡ್ಡು ಕೊಟ್ಟು ಡಿಸ್ಕ್ ತರುವವನ ಪ್ರಶ್ನೆಯೇ ಬೇರೆ: ನಿರ್ದೇಶಕ ಮಿಯಾಜಾಕಿ ಮಾಡಿದ್ದು ನನ್ನ ಮನೆ ಟಿವಿಗೆ ಹಾಗೇ ಬಂದಿದೆಯಾ?

ಬಾರದೇ ಇರುವುದೂ ಉಂಟು. 2002ರಲ್ಲಿ ಇದೇ ಸಿನಿಮಾದ ಡಿವಿಡಿ ಜಪಾನಿನಲ್ಲಿ ಬಂದಾಗ, ಚಿತ್ರವೆಲ್ಲ ಕೆಂಪಗಿದೆ ಎಂದು ಕೊಂಡವರು ಗಲಾಟೆ ಎಬ್ಬಿಸಿದರು. ಬೆಳ್ಳಗಿರಬೇಕಾದ ಕಡೆ ಕುಂಕುಮದ ನೀರು ಚಿಮುಕಿಸಿದ ಹಾಗೆ. ವಿಷಯ ಕೋರ್ಟಿಗೂ ಹೋಯಿತು. ಆ ಕೆಂಪು ಹೋದದ್ದು 2014ರ ಬ್ಲೂ-ರೇಯಲ್ಲಿ. ಆದ್ದರಿಂದ ಯಾವ ದೇಶದ, ಯಾವ ವರ್ಷದ ಡಿಸ್ಕ್ ನೋಡಿದೆ ಅಂತ ಮೊದಲು ಬರೆ. ರೀಜನ್ ಕೋಡನ್ನೂ ಹೇಳು, ಅಂದರೆ ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಅನ್ನುವ ಗುರುತು. ಡಿವಿಡಿಗೆ ಜಪಾನಿನದು 2, ನಮ್ಮದು 5. ತರಿಸಿಕೊಂಡ ಮೇಲೆ ಪ್ಲೇಯರ್ ಓಡಿಸದಿದ್ದರೆ ಓದುಗ ಬೈಯುವುದು ನಿನ್ನನ್ನೇ.

ನಾನೂ ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೇನೆ. ಬೇರೊಂದು ಅನಿಮೆಯ ಸಂಜೆ ಬೆಳಕನ್ನು ಹೊಗಳಿ ಅರ್ಧ ಪುಟ ಬರೆದಿದ್ದೆ. ಆಮೇಲೆ ಗೊತ್ತಾಯಿತು, ನನ್ನ ಟಿವಿ ಅಂಗಡಿಯಿಂದ ಬಂದ ದಿನದಿಂದ ಬಣ್ಣ ಎದ್ದು ಕಾಣಿಸುವ ವಿವಿಡ್ ಮೋಡ್‌ನಲ್ಲೇ ಇತ್ತು! ಚಲನೆಯನ್ನು ನುಣುಪು ಮಾಡುವ ಟಿವಿಯ ಮೋಷನ್ ಸ್ಮೂದಿಂಗನ್ನೂ ಆಫ್ ಮಾಡು. ಅನಿಮೆಯಲ್ಲಿ ಎಷ್ಟೋ ಕಡೆ ಸೆಕೆಂಡಿಗೆ 12 ಚಿತ್ರ ಬರೆದು, ಒಂದೊಂದನ್ನೂ ಎರಡು ಫ್ರೇಮ್ ನಿಲ್ಲಿಸುತ್ತಾರೆ. ಆ ಸಣ್ಣ ಜರ್ಕ್ ಬೇಕೆಂದೇ ಇಟ್ಟದ್ದು. ಟಿವಿ ನಡುವೆ ತಾನೇ ಚಿತ್ರ ಹುಟ್ಟಿಸಿದರೆ ಎಲ್ಲ ಎಣ್ಣೆ ಸವರಿದ ಹಾಗೆ ಜಾರುತ್ತದೆ.

ಇನ್ನು ಮಾತು. ನೀನು ನೋಡಿದ್ದು ಇಂಗ್ಲಿಷ್ ಡಬ್ಬಿಂಗ್, ಅಲ್ವಾ? ಕೊನೆಯಲ್ಲಿ ಕಾರು ಹೊರಡುವಾಗ ಅಪ್ಪ, ಹೊಸ ಮನೆ, ಹೊಸ ಸ್ಕೂಲು, ಸ್ವಲ್ಪ ಭಯವೇ ಅನ್ನುತ್ತಾನೆ. ಮಗಳು ಚಿಹಿರೊ, ಸಿನಿಮಾದ ನಾಯಕಿ, ನಿಭಾಯಿಸುತ್ತೇನೆ ಅನ್ನುತ್ತಾಳೆ. ನೀನು ಅದನ್ನೇ ಹಿಡಿದು 'ಸಿನಿಮಾದ ಸಂದೇಶ' ಅಂತ ಬರೆದಿದ್ದೀಯ. ಜಪಾನಿ ಮೂಲದಲ್ಲಿ ಆ ಮಾತೇ ಇಲ್ಲ! ಕಾರು ಸುಮ್ನೆ ಹೊರಟುಹೋಗುತ್ತದೆ. ಹುಡುಗಿ ಬದಲಾಗಿದ್ದಾಳೋ ಇಲ್ಲವೋ, ನಾವೇ ನೋಡಿಕೊಳ್ಳಬೇಕು. ನನಗೆ ಅದೇ ಇಷ್ಟ. ಡಬ್ಬಿಂಗ್ ಕೆಟ್ಟದು ಅನ್ನುತ್ತಿಲ್ಲ. ಆದರೆ ಎರಡು ಭಾಷೆಯ ಟ್ರ್ಯಾಕನ್ನೂ ಕೇಳದೆ ಸಂದೇಶದ ಮಾತಿಗೆ ಹೋಗಬೇಡ.

ಹೆಸರು ಕಿತ್ತುಕೊಳ್ಳುವ ದೃಶ್ಯವನ್ನಂತೂ ನೀನು ಮುಟ್ಟಿಯೇ ಇಲ್ಲ. ಮಾಟಗಾತಿ ಯುಬಾಬ, ಚಿಹಿರೊ ಕಾಗದದ ಮೇಲೆ ಬರೆದ ಹೆಸರಿನ ಅಕ್ಷರಗಳನ್ನು ಎತ್ತಿ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಒಂದೇ ಅಕ್ಷರ ಉಳಿಯುತ್ತದೆ. 'ಚಿಹಿರೊ'ದಲ್ಲಿ 'ಚಿ' ಎಂದು ಓದುವ ಅದೇ ಅಕ್ಷರ ಒಂಟಿಯಾದರೆ 'ಸೆನ್', ಅದೇ ಅವಳ ಹೊಸ ಹೆಸರು. ಬರೆದ ಹಾಗೆ ಓದುವ ನಮಗೆ ಇದು ಹೊಳೆಯುವುದಿಲ್ಲ. ಸಬ್‌ಟೈಟಲ್‌ನಲ್ಲಿ ವಿವರಿಸಲು ಜಾಗವೂ ಇಲ್ಲ. ನಿನ್ನ ಬರಹದಲ್ಲಿ ಜಾಗ ಇದೆ. ಆ ಆರು ಪ್ಯಾರಾದಲ್ಲಿ ನಾಲ್ಕನ್ನು ಕಿತ್ತು ಇದನ್ನು ಸೇರಿಸು.

ಡಿಸ್ಕ್ ಗೆಳೆಯನದು ಅಂದಿದ್ದೆ. ವಾಪಸ್ ಕೊಡುವ ಮುಂಚೆ ನೀರಿನ ಮೇಲೆ ರೈಲು ಹೋಗುವ ದೃಶ್ಯ ಇನ್ನೊಮ್ಮೆ ನೋಡು. ರಾತ್ರಿ, ಲೈಟು ಆರಿಸಿ, ಜಪಾನಿ ಟ್ರ್ಯಾಕಿನಲ್ಲಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಭಾನುವಾರದೊಳಗೆ ಹೊಸ ಡ್ರಾಫ್ಟ್ ಕಳಿಸು.

ನಿನ್ನ ಅಣ್ಣ